ಆಡಿಷನ್ ಕೊಡೋದಾ, ತಗೊಳ್ಳೋದಾ?

ಪ್ರಶ್ನೆ: ಟೀವಿಯ ಹಾಡಿನ ಸ್ಪರ್ಧೆಗೆ ಮಗಳನ್ನು ಆಡಿಷನ್‌ಗೆ ಕರೆದಿದ್ದಾರೆ. ಮನೆಯಲ್ಲಿ ಒಬ್ಬರು ಎಡಿಷನ್ ಅಂತಾರೆ, ಇನ್ನೊಬ್ಬರು ಅಡಿಷನ್ ಅಂತಾರೆ. ಯಾವುದು ಸರಿ? ಅವಳು ‘ಆಡಿಷನ್ ಕೊಡ್ತೀನಿ’ ಅಂತಾಳೆ. ‘ತಗೊಳ್ತೀನಿ’ ಅನ್ನಬೇಕು ಅಲ್ವಾ? ಇದಕ್ಕೆ ಕನ್ನಡದಲ್ಲಿ ಒಳ್ಳೆ ಪದ ಇಲ್ಲವೇ?
– ಓದುಗರೊಬ್ಬರು, ತಿಪಟೂರು

ಉತ್ತರ: ಆಡಿಷನ್ ಸರಿ, ಮೊದಲ ಅಕ್ಷರ ದೀರ್ಘ. ಷ ಬರೆದರೂ ಶ ಬರೆದರೂ ಯಾರೂ ಜಗಳಕ್ಕೆ ಬರಲ್ಲ. ಎಡಿಷನ್ ಅಂದರೆ ಪುಸ್ತಕದ್ದೋ ಪತ್ರಿಕೆಯದ್ದೋ ಆವೃತ್ತಿ, ಅಡಿಷನ್ ಅಂದರೆ ಕೂಡೋ ಲೆಕ್ಕ. ‘ನಾಳೆ ಮಗಳ ಎಡಿಷನ್’ ಅಂತ ವಾಟ್ಸ್ಆ್ಯಪ್‌ನಲ್ಲಿ ಹಾಕಿದರೆ ಪುಸ್ತಕ ಬಿಡುಗಡೆ ಅಂದ್ಕೊಂಡು ಶುಭಾಶಯ ಹೇಳೋರೂ ಇರ್ತಾರೆ!

ಇನ್ನು ಕೊಡೋದು, ತಗೊಳ್ಳೋದು. ನಿಮ್ಮ ಮಗಳು ಹೇಳಿದ್ದೇ ಸರಿ. ಕನ್ನಡದಲ್ಲಿ ಕ್ಲಾಸ್ ತಗೊಳ್ಳೋದು ಮೇಷ್ಟ್ರು, ಇಂಟರ್‌ವ್ಯೂ ತಗೊಳ್ಳೋದು ಕೆಲಸ ಕೊಡೋ ಕಂಪನಿಯವರು. ಹಾಗೆಯೇ ಆಡಿಷನ್ ತಗೊಳ್ಳೋರು ಆಚೆ ಕೂತಿರೋರು, ಕೊಡೋರು ನಾವು. ‘ಮೂರು ಕಡೆ ಆಡಿಷನ್ ಕೊಟ್ಟೆ, ಒಂದು ಕಡೆಯಿಂದಲೂ ಫೋನ್ ಬರಲಿಲ್ಲ’ ಅನ್ನೋದು ಹೊಸ ನಟರ ದಿನನಿತ್ಯದ ಮಾತು. ‘ಆಡಿಷನ್ ಇಟ್ಟಿದ್ದಾರೆ’, ‘ಕರೆದಿದ್ದಾರೆ’ ಅಂತಲೂ ಹೇಳ್ತೀವಿ. ‘ಆಡಿಷನ್ ಮಾಡಿದೆ’ ಅಂದರೆ ಮಾತ್ರ ಹಾಡಿದ್ದು ನೀವೋ ಕೇಳಿದ್ದು ನೀವೋ ಗೊತ್ತಾಗಲ್ಲ. ಅದನ್ನು ಬಿಡಿ.

ಪದದ ಬೇರು ಲ್ಯಾಟಿನ್‌ನದು, ಕೇಳು ಅನ್ನೋ ಅರ್ಥದ ಕ್ರಿಯಾಪದ. ಆಡಿಯೋ, ಆಡಿಟೋರಿಯಂ ಮಾತ್ರವಲ್ಲ, ಆಡಿಟ್ ಕೂಡ ಇದೇ ಮನೆತನದ್ದು. ಹಿಂದೆ ಲೆಕ್ಕಪತ್ರವನ್ನು ಗಟ್ಟಿಯಾಗಿ ಓದಿಸಿ ಕೇಳ್ತಿದ್ದರು, ಅದಕ್ಕೆ. ಈಗ ಬಾಯಿ ಬಿಡದೆ ಬರೀ ನಡೆದು ತೋರಿಸೋ ಮಾಡೆಲ್ ಕೊಡೋದೂ ಆಡಿಷನ್ನೇ.

ಕನ್ನಡ ಪದ ಇದೆ. ಆಕಾಶವಾಣಿಯವರು ‘ಧ್ವನಿ ಪರೀಕ್ಷೆ’ ಅಂತಾರೆ. ಹಾಡು, ನಾಟಕ, ಉದ್ಘೋಷಣೆ ಎಲ್ಲಕ್ಕೂ ಇದು ಸಲೀಸಾಗಿ ಹೊಂದುತ್ತೆ. ಕುಣಿತಕ್ಕೆ, ಸಿನಿಮಾಕ್ಕೆ ಹೊಂದಲ್ಲ. ಅಲ್ಲಿ ಆಡಿಷನ್ ಅಂತಲೇ ಅನ್ನಿ. ‘ಆಯ್ಕೆ ಪ್ರದರ್ಶನ’ ಥರದ ಪದ ಕಟ್ಟಬಹುದು, ಕಟ್ಟಿದವರನ್ನು ಬಿಟ್ಟು ಬೇರೆ ಯಾರೂ ಬಳಸಲ್ಲ. ಹವ್ಯಾಸಿ ನಾಟಕ ತಂಡಗಳಲ್ಲಿ ಒಂದು ತಮಾಷೆ ನೋಡಿ. ನಿರ್ದೇಶಕರು ಸ್ಕ್ರಿಪ್ಟ್ ಕೈಗೆ ಕೊಟ್ಟು ‘ಸುಮ್ನೆ ಓದ್ರಪ್ಪಾ’ ಅಂತ ಎಲ್ಲರನ್ನೂ ಸುತ್ತ ಕೂರಿಸ್ತಾರೆ, ಒಂದೇ ಪಾತ್ರವನ್ನು ನಾಲ್ಕು ಜನರ ಬಾಯಲ್ಲಿ ಓದಿಸ್ತಾರೆ, ವಾರ ಕಳೆದು ಪಾತ್ರ ಹಂಚ್ತಾರೆ. ಅದನ್ನು ರೀಡಿಂಗ್ ಅಂತೀವಿ. ನಡೆದದ್ದು ಮಾತ್ರ ಅಪ್ಪಟ ಆಡಿಷನ್.

ಪ್ರಶ್ನೆ: ಸಂಗೀತ ಕಛೇರಿಯ ಆಹ್ವಾನಪತ್ರಿಕೆಯಲ್ಲಿ ‘ಆಕಾಶವಾಣಿ ಬಿ ಹೈ ಗ್ರೇಡ್ ಕಲಾವಿದೆ’ ಅಂತ ಹಾಕ್ತಾರಲ್ಲ, ಅದೂ ಆಡಿಷನ್‌ನಿಂದ ಬಂದದ್ದಾ?
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು. ನಮ್ಮಲ್ಲಿ ಈ ಪದಕ್ಕೆ ತೂಕ ಬಂದಿದ್ದೇ ರೇಡಿಯೋದಿಂದ. ಶಾಸ್ತ್ರೀಯ ಸಂಗೀತದಲ್ಲಿ ಬಿ, ಬಿ ಹೈ, ಎ, ಟಾಪ್ ಅಂತ ಮೆಟ್ಟಿಲುಗಳಿವೆ. ಬಿ ಹೈ ಅಂದರೆ ಕೆಳಗಿನಿಂದ ಎರಡನೆಯದು, ಆದರೂ ಕಛೇರಿ ಸಿಗೋದಕ್ಕೆ ಚೆನ್ನಾಗಿ ನೆರವಾಗುತ್ತೆ. ಹಾಡಿದವರು ಯಾರು ಅಂತ ತೀರ್ಪುಗಾರರಿಗೆ ಗೊತ್ತಾಗಬಾರದು, ಕಿವಿಗೆ ಬಿದ್ದದ್ದಕ್ಕಷ್ಟೇ ಅಂಕ ಅನ್ನೋದು ಇದರ ಹಿಂದಿನ ಯೋಚನೆ. ನನ್ನ ಪ್ರಕಾರ ಪದದ ಮೂಲ ಅರ್ಥಕ್ಕೆ ಅತಿ ಹತ್ತಿರದ ಬಳಕೆ ಇದೇ.

ಇದು ಸಲೀಸಾಗಿಯೇನೂ ಬರಲಿಲ್ಲ. 1952ರಿಂದ 1962ರವರೆಗೆ ಬಿ.ವಿ. ಕೇಸ್ಕರ್ ಕೇಂದ್ರದ ವಾರ್ತಾ ಸಚಿವರಾಗಿದ್ದರು. ಅವರ ಕಾಲದಲ್ಲಿ ಈ ಪದ್ಧತಿ ಬಿಗಿಯಾಯಿತು, ಆಗಲೇ ಹೆಸರು ಮಾಡಿದ್ದ ಸಂಗೀತಗಾರರೂ ಆಡಿಷನ್ ಕೊಡಬೇಕಾಯಿತು. ‘ನಮ್ಮನ್ನು ಪರೀಕ್ಷೆ ಮಾಡೋಕೆ ಇವರು ಯಾರು’ ಅಂತ ಹಲವರು ಸಿಡಿದೆದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತೆ, ಆದರೆ ಹೆಸರೇ ಇಲ್ಲದ ಹಳ್ಳಿ ಹುಡುಗಿಗೆ ಬಾಗಿಲು ತೆರೆದಿದ್ದು ಕೂಡ ಈ ಥರದ ಪರೀಕ್ಷೆಯೇ.

ಪ್ರಶ್ನೆ: ಸಿನಿಮಾದವರು ಆಡಿಷನ್, ಸ್ಕ್ರೀನ್ ಟೆಸ್ಟ್, ಲುಕ್ ಟೆಸ್ಟ್ ಅಂತ ಬೇರೆ ಬೇರೆ ಹೇಳ್ತಾರೆ. ಎಲ್ಲಾ ಒಂದೇನಾ? ಒಬ್ಬರು ರಿಜಿಸ್ಟ್ರೇಷನ್‌ಗೆ ದುಡ್ಡು ಕಳಿಸಿ ಅಂತಿದ್ದಾರೆ.
– ಓದುಗರೊಬ್ಬರು, ದಾವಣಗೆರೆ

ಉತ್ತರ: ಒಂದೇ ಅಲ್ಲ. ಆಡಿಷನ್ ಮೊದಲ ಸುತ್ತು. ಕ್ಯಾಮೆರಾ ಮುಂದೆ ಹೆಸರು, ವಯಸ್ಸು, ಎತ್ತರ ಹೇಳಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿ, ಆಮೇಲೆ ಕೊಟ್ಟ ಸೀನ್ ಮಾಡೋದು. ಎದುರಿನ ಪಾತ್ರದ ಮಾತನ್ನು ಕ್ಯಾಮೆರಾ ಪಕ್ಕ ನಿಂತವರು ಭಾವನೆಯೇ ಇಲ್ಲದೆ ಓದ್ತಾ ಹೋಗ್ತಾರೆ, ಅದಕ್ಕೆ ನೀವು ಅಳಬೇಕು! ಈಗೀಗ ಮನೆಯಲ್ಲೇ ಮೊಬೈಲ್‌ನಲ್ಲಿ ಮಾಡಿ ಕಳಿಸಿ ಅನ್ನೋದು ಜಾಸ್ತಿ, ಅದು ಸೆಲ್ಫ್ ಟೇಪ್. ಇದರಲ್ಲಿ ಇಷ್ಟವಾದವರನ್ನು ಕರೆಸಿ, ಲೈಟು ಹಾಕಿ, ಸರಿಯಾದ ಕ್ಯಾಮೆರಾದಲ್ಲಿ ಹೇಗೆ ಕಾಣ್ತಾರೆ ಅಂತ ನೋಡೋದು ಸ್ಕ್ರೀನ್ ಟೆಸ್ಟ್. ಲುಕ್ ಟೆಸ್ಟ್ ಹೊತ್ತಿಗೆ ಹೆಚ್ಚುಕಮ್ಮಿ ನಿಮ್ಮ ಪಾತ್ರ ಗಟ್ಟಿಯಾಗಿರುತ್ತೆ, ಮೀಸೆ, ವಿಗ್ಗು, ಬಟ್ಟೆ ಹಾಕಿ ನೋಡ್ತಾರೆ ಅಷ್ಟೇ.

ದುಡ್ಡು ಕಳಿಸಬೇಡಿ. ಆಕಾಶವಾಣಿಯ ಅರ್ಜಿಗೆ ಶುಲ್ಕ ಇರುತ್ತೆ ನಿಜ, ಅದಕ್ಕೆ ಪ್ರಕಟಣೆ, ರಸೀದಿ ಎಲ್ಲಾ ಉಂಟು. ಸಿನಿಮಾ, ಸೀರಿಯಲ್‌ಗೆ ನಟರು ಬೇಕಾದವರು ನಟರಿಂದ ಕಾಸು ಕೇಳಲ್ಲ. ರಿಜಿಸ್ಟ್ರೇಷನ್, ಆರ್ಟಿಸ್ಟ್ ಕಾರ್ಡ್, ‘ನಮ್ಮ ಫೋಟೋಗ್ರಾಫರ್ ಹತ್ರಾನೇ ಪೋರ್ಟ್‌ಫೋಲಿಯೋ ಮಾಡಿಸಿ’ – ಈ ಮೂರರಲ್ಲಿ ಯಾವುದು ಬಂದರೂ ಆ ನಂಬರ್ ಬ್ಲಾಕ್ ಮಾಡಿ. ಈಗಾಗಲೇ ಕಳಿಸಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ.