ಸರ್ವರ್ ಡೌನ್ ಆದಾಗ ಬೈಸಿಕೊಳ್ಳುವ ಕೆಲಸ

ಪ್ರಶ್ನೆ: ಮೇಡಂ, ನನಗೆ 37 ವರ್ಷ. ಖಾಸಗಿ ಕಂಪನಿಯಲ್ಲಿ ಜಾವಾ ಡೆವಲಪರ್ ಆಗಿ ಸೇರಿ ಈಗ ಟೀಮ್ ಲೀಡ್ ಆಗಿದ್ದೇನೆ. ಸರ್ಕಾರದ ಒಂದು ಸಂಸ್ಥೆಯಲ್ಲಿ ಸೀನಿಯರ್ ಐಟಿ ಸ್ಪೆಷಲಿಸ್ಟ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ಭೂದಾಖಲೆ ತಂತ್ರಾಂಶದ ಕೆಲಸ, ಮೂರು ವರ್ಷದ ಗುತ್ತಿಗೆ, ಸಂಬಳ ಈಗಿನದಕ್ಕಿಂತ ಕಡಿಮೆ. "ಸರ್ಕಾರಿ ಕೆಲಸ, ಆರಾಮಾಗಿರ್ತೀಯ, ಸೇರು" ಎನ್ನುತ್ತಾರೆ ನಮ್ಮ ಅತ್ತೆ. "ಅಲ್ಲಿ ಹೋದರೆ ಕಲಿತದ್ದೆಲ್ಲ ತುಕ್ಕು ಹಿಡಿಯುತ್ತೆ" ಎನ್ನುತ್ತಾರೆ ಆಫೀಸಿನವರು. ಏನು ಮಾಡಲಿ?
— ಓದುಗರು, ಬೆಂಗಳೂರು

ಉತ್ತರ: ಮೊದಲು ನಿಮ್ಮ ಅತ್ತೆಯವರ ಮಾತು. ಅವರ ಮನಸ್ಸಿನಲ್ಲಿರುವುದು ಕಾಯಂ ನೌಕರಿ. ನಿಮ್ಮದು ಗುತ್ತಿಗೆ. ಕಾಯಂ ನೌಕರರ ತುಟ್ಟಿಭತ್ಯೆ, ಬಡ್ತಿ, ನಿವೃತ್ತಿ ಸೌಲಭ್ಯ ನಿಮಗೂ ಸಿಗುತ್ತದೆ ಅಂದುಕೊಳ್ಳಬೇಡಿ. ಸಹಿ ಹಾಕುವ ಮೊದಲು ಒಪ್ಪಂದ ಪತ್ರವನ್ನು ನಿಧಾನವಾಗಿ ಓದಿ. ನಿಮ್ಮನ್ನು ತೆಗೆದುಕೊಳ್ಳುತ್ತಿರುವುದು ಸಂಸ್ಥೆಯೇ ನೇರವಾಗಿಯೋ, ಮಧ್ಯೆ ಒಂದು ಏಜೆನ್ಸಿ ಇದೆಯೋ? ವರ್ಷಕ್ಕೆ ಸಂಬಳ ಎಷ್ಟು ಏರುತ್ತದೆ? ನೋಟಿಸ್ ಅವಧಿ, ರಜೆ, ಹೆರಿಗೆ ರಜೆ ಏನು ಬರೆದಿದ್ದಾರೆ? ಬಾಯಿಮಾತಿನಲ್ಲಿ "ಅದೆಲ್ಲ ಆಗುತ್ತೆ ಬಿಡಿ" ಅಂದದ್ದು ಯಾವುದೂ ಲೆಕ್ಕಕ್ಕಿಲ್ಲ.

ಇನ್ನು ಆರಾಮದ ಮಾತು. ರಾಜ್ಯದಲ್ಲಿ ಎಲ್ಲೋ ಒಂದು ಕಡೆ ಪಹಣಿ ಪ್ರಿಂಟ್ ಬರಲಿಲ್ಲ ಅಂದರೆ ಫೋನ್ ಬರುವುದು ನಿಮಗೆ. ಅದು ಭಾನುವಾರವೋ ಹಬ್ಬವೋ ಅಂತ ಯಾರೂ ನೋಡುವುದಿಲ್ಲ.

ತುಕ್ಕು ಹಿಡಿಯುತ್ತದೆ ಎಂಬ ಮಾತನ್ನಂತೂ ನಾನು ಒಪ್ಪುವುದಿಲ್ಲ. ನನ್ನ ಸರ್ವಿಸಿನ ಬಹುಪಾಲು ಕಳೆದದ್ದು ಜಮೀನಿನ ದಾಖಲೆಗಳ ಜೊತೆಯಲ್ಲೇ. 'ಭೂಮಿ' ಯೋಜನೆ 2000ದ ಆಸುಪಾಸಿನಲ್ಲಿ ತಾಲ್ಲೂಕುಗಳಿಗೆ ಬಂತು. ಎನ್‌ಐಸಿ (ನ್ಯಾಷನಲ್ ಇನ್ಫರ್ಮ್ಯಾಟಿಕ್ಸ್ ಸೆಂಟರ್) ತಂತ್ರಾಂಶ ಮಾಡಿಕೊಟ್ಟಿತು. ಕೈಬರಹದಲ್ಲಿದ್ದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಅಲ್ಲಿ ಎದುರಾಗುವ ಲೆಕ್ಕ ನಿಮ್ಮ ಕಂಪನಿಯಲ್ಲಿ ಎದುರಾಗುವುದಿಲ್ಲ.

ಒಂದು ಉದಾಹರಣೆ ಕೊಡುತ್ತೇನೆ. ಒಂದು ತುಂಡು 2 ಎಕರೆ 30 ಗುಂಟೆ, ಇನ್ನೊಂದು 1 ಎಕರೆ 20 ಗುಂಟೆ. ಹೊಸದಾಗಿ ಬಂದ ಹುಡುಗರು ಇದನ್ನು 2.30, 1.20 ಅಂತ ಡೆಸಿಮಲ್ ಕಾಲಮ್ಮಿನಲ್ಲಿ ಇಟ್ಟುಬಿಡುತ್ತಾರೆ. ಕೂಡಿದರೆ ಮಷಿನ್ 3.50 ತೋರಿಸುತ್ತದೆ. ಅದನ್ನು ನೋಡಿದವರು ಮೂರೂವರೆ ಎಕರೆ ಅಂದುಕೊಳ್ಳುತ್ತಾರೆ. ಎಕರೆಗೆ 40 ಗುಂಟೆ ಅಲ್ವಾ? ಸರಿಯಾದ ಮೊತ್ತ 4 ಎಕರೆ 10 ಗುಂಟೆ. ಅಲ್ಲಿಗೆ 30 ಗುಂಟೆ ಮಾಯ! ಗುಂಟೆಯ ಕೆಳಗೆ ಮತ್ತೆ ಆಣೆ, ಗುಂಟೆಗೆ 16. ಅದರ ಮೇಲೆ ಖರಾಬು, ಅಂದರೆ ಸಾಗುವಳಿಗೆ ಬಾರದ ನೆಲ, ಬೇರೆ ಕಳೆಯಬೇಕು. ರೈತ ತನ್ನ ಆಣೆ ಲೆಕ್ಕವನ್ನು ಬಾಯಲ್ಲೇ ಹೇಳುತ್ತಾನೆ. ತಪ್ಪಿದರೆ ನಿಮ್ಮನ್ನು ಬಿಡುವುದಿಲ್ಲ.

ಹೆಸರಿನದ್ದೂ ಅದೇ ಕಥೆ. ಫಾರಂನಲ್ಲಿ ಫಸ್ಟ್ ನೇಮ್, ಲಾಸ್ಟ್ ನೇಮ್ ಅಂತ ಎರಡು ಡಬ್ಬಿ ಇಟ್ಟರೆ ಪಹಣಿಯ 9ನೇ ಕಾಲಂ ಅದರೊಳಗೆ ಕೂರುವುದಿಲ್ಲ. ಅಲ್ಲಿರುವುದು 'ರಾಮಯ್ಯ ಬಿನ್ ತಿಮ್ಮಯ್ಯ', 'ಲಕ್ಷ್ಮಮ್ಮ ಕೋಂ ನಂಜಪ್ಪ'. ಬಿನ್ ಅಂದರೆ ಇಂಥವರ ಮಗ, ಕೋಂ ಅಂದರೆ ಇಂಥವರ ಹೆಂಡತಿ. ಒಂದೇ ಊರಿನಲ್ಲಿ ನಾಲ್ಕಾರು ರಾಮಯ್ಯ ಇರುತ್ತಾರೆ. ಬಿನ್ ಬಿಟ್ಟುಹೋದರೆ ಯಾರ ಜಮೀನು ಯಾರದ್ದೆಂದು ಕೋರ್ಟೇ ಹೇಳಬೇಕು. ಪಕ್ಕದಲ್ಲಿ ಜಂಟಿ ಖಾತೆ, 11ನೇ ಕಾಲಂನಲ್ಲಿ ಬ್ಯಾಂಕಿನ ಸಾಲ. ಇದೆಲ್ಲ ಕಲಿತವರಿಗೆ ತುಕ್ಕು ಎಲ್ಲಿಂದ ಬರಬೇಕು?

ಕಷ್ಟ ಇರುವುದು ಬೇರೆ ಕಡೆ. ಕಂಪನಿಯಲ್ಲಿ ಏನು ಮಾಡಬೇಕೆಂದು ಕ್ಲೈಂಟ್ ಹೇಳುತ್ತಾನೆ. ಇಲ್ಲಿ ಸುತ್ತೋಲೆ ಹೇಳುತ್ತದೆ, ಅದರ ಹಿಂದೆ ಕಾಯ್ದೆ ಇರುತ್ತದೆ. ಕರ್ನಾಟಕ ಭೂಕಂದಾಯ ಅಧಿನಿಯಮ 1964, ಅದರ 128 ಮತ್ತು 129ನೇ ಕಲಂ. ಇವೆರಡನ್ನು ಓದದೆ ಮ್ಯುಟೇಶನ್ (ಹಕ್ಕು ಬದಲಾವಣೆ) ಸ್ಕ್ರೀನ್ ಮುಟ್ಟಬೇಡಿ. ಆಕ್ಷೇಪಣೆಗೆ ಅವಧಿ ಇದೆ ಎಂದರೆ ತಂತ್ರಾಂಶ ಅಷ್ಟು ದಿನ ಕಾಯಲೇಬೇಕು. ಹಾಗೆಯೇ ಒಂದು ಸರ್ವರ್ ತರಿಸಬೇಕಾದರೂ ಟೆಂಡರ್. ಸರ್ಕಾರಿ ಖರೀದಿಯ ಪಾರದರ್ಶಕತೆ ಕಾಯ್ದೆ 1999ರದ್ದು, ಅದೂ ನಿಮ್ಮ ಪಠ್ಯಪುಸ್ತಕವೇ. ಈ ನಿಧಾನಕ್ಕೆ ನಿಮ್ಮ ತಲೆ ಕೆಡುತ್ತದೆ. ನನ್ನ ತಲೆ ಕೊನೆಯವರೆಗೂ ಕೆಡುತ್ತಲೇ ಇತ್ತು.

ಒಂದು ದಿನ ಇಂಥ ಫೋನ್ ಬಂದೇ ಬರುತ್ತದೆ, ಈಗಲೇ ಸಿದ್ಧರಾಗಿರಿ. "ಮೇಡಂ, ಸಣ್ಣ ತಪ್ಪು. ಬ್ಯಾಕೆಂಡ್‌ನಲ್ಲಿ ಸ್ವಲ್ಪ ಸರಿ ಮಾಡಿಬಿಡಿ." ಮಾತಾಡುವವರು ದೊಡ್ಡವರಿರಬಹುದು. ತಪ್ಪು ನಿಜವಾಗಿಯೂ ಸಣ್ಣದೇ ಇರಬಹುದು, ಒಂದು ಸರ್ವೆ ನಂಬರಿನ ಹಿಸ್ಸಾ ಅಂಕಿ. ಡೇಟಾಬೇಸಿನ ಪಾಸ್‌ವರ್ಡ್ ನಿಮ್ಮ ಕೈಯಲ್ಲಿರುತ್ತದೆ, ಒಂದು ಸಾಲಿನ ಕೆಲಸ. ಮಾಡಬೇಡಿ. "ಕಡತದಲ್ಲಿ ಬರಲಿ ಸಾರ್, ಬಂದ ತಕ್ಷಣ ಮಾಡ್ತೀನಿ" ಅನ್ನಿ. ಜಗಳ ಬೇಡ, ದನಿ ಏರಿಸುವುದೂ ಬೇಡ. 'ಭೂಮಿ'ಯಲ್ಲಿ ಮೊದಲಿನಿಂದಲೂ ಬೆರಳ ಗುರುತಿನ ಲಾಗಿನ್ ಇಟ್ಟದ್ದು ಯಾಕೆ? ಬದಲಾವಣೆ ಮಾಡಿದವರು ನಾಳೆ "ನಾನಲ್ಲ" ಅನ್ನಬಾರದು ಅಂತ. ಆ ಬಾಗಿಲಿಗೆ ಅಷ್ಟು ಕಾವಲಿಟ್ಟು ಹಿತ್ತಿಲ ಬಾಗಿಲನ್ನು ನೀವೇ ತೆಗೆದರೆ ಹೇಗೆ? 'ಸೀನಿಯರ್' ಎಂದು ನಿಮಗೆ ಜಾಸ್ತಿ ಸಂಬಳ ಕೊಡುವುದು ಕೋಡ್ ಬರೆಯುವುದಕ್ಕಿಂತ ಈ ಫೋನ್ ತೆಗೆದುಕೊಳ್ಳುವುದಕ್ಕೆ, ನನ್ನ ಪ್ರಕಾರ.

ಮನೆ ಸಾಲದ ಕಂತು ಕಡಿಮೆ ಸಂಬಳದಲ್ಲೂ ನಡೆಯುತ್ತದೆ ಎಂದಾದರೆ ಸೇರಿ. ನಾನಾಗಿದ್ದರೆ ಸೇರುತ್ತಿದ್ದೆ. ಸೇರಿದ ಮೊದಲ ವಾರವೇ ಯಾವುದಾದರೂ ತಾಲ್ಲೂಕು ಕಚೇರಿಯ ಪಹಣಿ ಕೌಂಟರ್ ಹಿಂದೆ ಒಂದು ಇಡೀ ದಿನ ಸುಮ್ನೆ ಕೂತು ನೋಡಿ. ಆಪರೇಟರ್ ಹುಡುಗಿ ಎಲ್ಲೆಲ್ಲಿ ಎರಡೆರಡು ಸಲ ಕ್ಲಿಕ್ ಮಾಡುತ್ತಾಳೆ ಅಂತ ಬರೆದುಕೊಳ್ಳಿ.

ಪ್ರಶ್ನೆ: ಮಗ ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿ.ಇ. ಮುಗಿಸಿದ್ದಾನೆ. ಎನ್‌ಐಸಿಗೆ ಸೇರಬೇಕು ಅಂತಾನೆ. ಒಳ್ಳೆಯದಾ?
— ಓದುಗರು, ಚಿತ್ರದುರ್ಗ

ಉತ್ತರ: ಒಳ್ಳೆಯದೇ. 1976ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಸಂಸ್ಥೆ. ಬಿ.ಇ. ಆದವರು ಸೈಂಟಿಸ್ಟ್-ಬಿ ಹುದ್ದೆಗೆ ಪ್ರಯತ್ನಿಸಬಹುದು. ಏಳನೇ ವೇತನ ಆಯೋಗದ ಪ್ರಕಾರ ಅದು ಲೆವೆಲ್ 10, ಮೂಲ ವೇತನ 56,100 ರೂಪಾಯಿಯಿಂದ ಶುರು, ಭತ್ಯೆಗಳು ಬೇರೆ. ನೇಮಕಾತಿ ಪ್ರತಿ ವರ್ಷ ಇರುವುದಿಲ್ಲ. 2023ರಲ್ಲಿ ಸಾಮಾನ್ಯ ವರ್ಗಕ್ಕೆ ವಯೋಮಿತಿ 30 ಇತ್ತು. ಹಾಗಾಗಿ ಬೇರೆ ಕೆಲಸ ಮಾಡುತ್ತಲೇ ಕಾಯಲಿ. ಮನೆಯಲ್ಲಿ ಕೂತು ಕಾಯುವುದು ಬೇಡ. ಕರ್ನಾಟಕದಲ್ಲೇ ಪೋಸ್ಟಿಂಗ್ ಸಿಗುತ್ತದೆ ಅಂತ ಮಾತ್ರ ಈಗಲೇ ಆಸೆ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಹೋದಾಗಲೆಲ್ಲ "ಸರ್ವರ್ ಡೌನ್" ಎನ್ನುತ್ತಾರೆ. ನಿಮ್ಮಂಥವರು ಇದನ್ನು ಸರಿ ಮಾಡಬಾರದಾ?
— ಓದುಗರು, ಸಾಗರ

ಉತ್ತರ: ಬೈದದ್ದು ಸರಿಯಾಗಿಯೇ ಇದೆ. ಆದರೆ ಸರ್ವರ್ ಪಾಪ, ಎಷ್ಟೋ ಸಲ ಎದ್ದೇ ಇರುತ್ತದೆ. ಕಚೇರಿಗೆ ಬರುವ ನೆಟ್‌ವರ್ಕ್ ಲೈನ್ ಹೋಗಿರುತ್ತದೆ. ಕರೆಂಟ್ ಇಲ್ಲ, ಯುಪಿಎಸ್ ಬ್ಯಾಟರಿ ಸತ್ತಿದೆ. ಆಧಾರ್ ಒಟಿಪಿ ಬರುತ್ತಿಲ್ಲ. ಸಹಿ ಮಾಡುವ ಅಧಿಕಾರಿಯ ಡಿಜಿಟಲ್ ಸಿಗ್ನೇಚರ್ ಅವಧಿ ಮುಗಿದಿದೆ. ಆಪರೇಟರ್ ಊಟಕ್ಕೆ ಹೋಗಿದ್ದಾರೆ. ಎಲ್ಲದಕ್ಕೂ ಒಂದೇ ಹೆಸರು ಸರ್ವರ್ ಡೌನ್. ಮುಂದಿನ ಸಲ "ಪಕ್ಕದ ಹೋಬಳಿಯಲ್ಲೂ ಡೌನಾ?" ಅಂತ ಕೇಳಿ. ಅಲ್ಲಿ ನಡೆಯುತ್ತಿದ್ದರೆ ತೊಂದರೆ ಆ ಕಚೇರಿಯದ್ದೇ. ಆಗ ತಹಶೀಲ್ದಾರರಿಗೆ ದೂರು ಬರೆದು ಕೊಡಿ.

ಅರ್ಜಿ ತೆಗೆದುಕೊಂಡ ಮೇಲೆ ಸಕಾಲದ (ಇಷ್ಟು ದಿನದೊಳಗೆ ಸೇವೆ ಕೊಡಲೇಬೇಕೆನ್ನುವ ಕಾಯ್ದೆ) 15 ಅಂಕಿಯ ಜಿಎಸ್‌ಸಿ ಸಂಖ್ಯೆ ಇರುವ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ. ದಿನದ ಲೆಕ್ಕ ಶುರುವಾಗುವುದೇ ಅಲ್ಲಿಂದ. ಅರ್ಜಿಯನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ಬಂದರೆ ಪ್ರಯೋಜನವಿಲ್ಲ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಹೆಚ್ಚೆಂದರೆ 500 ರೂಪಾಯಿ ಪರಿಹಾರ ಕೇಳಬಹುದು. ದುಡ್ಡು ಸಣ್ಣದು. ಅದನ್ನು ತಡ ಮಾಡಿದ ಸಿಬ್ಬಂದಿಯೇ ಕಟ್ಟಬೇಕಾಗುತ್ತದೆ, ಹಾಗಾಗಿ ಚೀಟಿ ಕೇಳುವವರ ಅರ್ಜಿಗೆ ಕೌಂಟರಿನಲ್ಲಿ ಸ್ವಲ್ಪ ಜಾಸ್ತಿ ಮರ್ಯಾದೆ.