ಕಾರ್ಡು ಕೊಳ್ಳುವ ಮೊದಲು ಕೇಬಲ್ಲಿನ ಮೂತಿಯನ್ನು ನೋಡಿ

ಹಳೆಯ ಡೆಸ್ಕ್‌ಟಾಪಿನಲ್ಲಿ ಯುಎಸ್‌ಬಿ 2.0 ಪೋರ್ಟುಗಳು ಮಾತ್ರ ಇವೆ, 1 ಟಿಬಿಯ ಪೋರ್ಟೆಬಲ್ ಹಾರ್ಡ್‌ಡಿಸ್ಕಿಗೆ ವಿಡಿಯೊ ತುಂಬಿಸುವುದರಲ್ಲೇ ಹೊತ್ತು ಹೋಗುತ್ತದೆ, 10 ಗಿಗಾಬಿಟ್ ವೇಗದ ಯುಎಸ್‌ಬಿ ಕಾರ್ಡು ಹಾಕಿಸಲೇ ಅಥವಾ ಇ-ಸಾಟಾ (ಹೊರಗಿನ ಡಿಸ್ಕನ್ನು ಜೋಡಿಸುವ ಇನ್ನೊಂದು ಬಗೆಯ ಪೋರ್ಟು) ಹಾಕಿಸಲೇ ಎಂದು ಕೇಳಿದ್ದೀರಿ. ಕುಂಬಳೆಯವರೆಂದೂ ಬರೆದಿದ್ದೀರಿ. ಅಲ್ಲಿಂದ ಹೆಚ್ಚು ದೂರವಿಲ್ಲದ ಬದಿಯಡ್ಕದಲ್ಲಿ, 2014ರ ಮಳೆಗಾಲದಲ್ಲಿ, ನಾನೂ ಇದೇ ಪ್ರಶ್ನೆಯನ್ನು ಹೊತ್ತುಕೊಂಡು ಅಂಗಡಿ ಅಂಗಡಿ ತಿರುಗಿದ್ದೇನೆ.

ಆಗ ನಾನು ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ರಾತ್ರಿ ಸುತ್ತಮುತ್ತ ಎಲ್ಲಿ ಯಕ್ಷಗಾನದ ಆಟವಿದ್ದರೂ ಕ್ಯಾಮರಾ ಹೊತ್ತು ಹೋಗುವ ಚಟವಿತ್ತು. ಸೆಕೆಂಡಿಗೆ 24 ಮೆಗಾಬಿಟ್‌ನಂತೆ (ಎಂಟು ಮೆಗಾಬಿಟ್ ಎಂದರೆ ಒಂದು ಎಂಬಿ) ಎಂಟು ಗಂಟೆಯ ಆಟವನ್ನು ಚಿತ್ರೀಕರಿಸಿದರೆ ಹೆಚ್ಚುಕಡಿಮೆ 86 ಜಿಬಿ ಆಗುತ್ತದೆ. ಪತ್ತನಾಜೆ (ಮೇ ಕೊನೆಗೆ ಬರುವ, ಯಕ್ಷಗಾನದ ತಿರುಗಾಟ ಮುಗಿಯುವ ದಿನ) ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಇಡೀ ತಿರುಗಾಟದ ಚಿತ್ರಣಗಳನ್ನು ಹೊರಗಿನ ಡಿಸ್ಕಿಗೆ ಇಳಿಸುವುದು ನನ್ನ ರೂಢಿ. ಮಳೆ ಹಿಡಿಯುವುದೂ ಕರೆಂಟು ಹೋಗುವುದೂ ಸರಿಯಾಗಿ ಅದೇ ಹೊತ್ತಿಗೆ. ಯುಎಸ್‌ಬಿ 2.0ಕ್ಕೆ ಕಾಗದದ ಮೇಲೆ 480 ಮೆಗಾಬಿಟ್ ಎಂದಿದ್ದರೂ ಕೈಗೆ ಸಿಗುವುದು ಸೆಕೆಂಡಿಗೆ 30ರಿಂದ 40 ಎಂಬಿ ಮಾತ್ರ, ಆದ್ದರಿಂದ ಒಂದು ಆಟ ಇಳಿಯಲು ಮುಕ್ಕಾಲು ಗಂಟೆ ಬೇಕಾಗುತ್ತಿತ್ತು. ನನ್ನ ಯುಪಿಎಸ್ ತಡೆಯುತ್ತಿದ್ದುದು ಹದಿನೈದು ನಿಮಿಷ.

ನನ್ನ ಮದರ್‌ಬೋರ್ಡು ಇಂಟೆಲ್‌ನ ಎಚ್61 ಚಿಪ್‌ಸೆಟ್ಟಿನದು (ಬೋರ್ಡಿನ ಪೋರ್ಟುಗಳನ್ನು ನಡೆಸುವ ಚಿಪ್ಪು). ಇಂಟೆಲ್ ತನ್ನ ಚಿಪ್‌ಸೆಟ್ಟಿನೊಳಗೇ 2.0ಕ್ಕಿಂತ ವೇಗದ ಯುಎಸ್‌ಬಿ 3.0 ಸೇರಿಸಿದ್ದು ಅದರ ಮುಂದಿನ, 2012ರ ಸರಣಿಯಲ್ಲಿ, ಹಾಗಾಗಿ ನನಗೆ ಕಾರ್ಡು ಬೇಕೇ ಬೇಕಿತ್ತು. ಕಾಸರಗೋಡಿನಿಂದ ಒಂದನ್ನು ತಂದು ಹಾಕಿ, ಜೊತೆಗೆ ಬಂದ ಪುಟ್ಟ ಸಿಡಿಯಿಂದ ವಿಂಡೋಸ್ 7ಕ್ಕೆ ಡ್ರೈವರ್ ತುಂಬಿಸಿ, ಡಿಸ್ಕನ್ನು ಸಿಕ್ಕಿಸಿದೆ. ವೇಗ 32 ಎಂಬಿ. ಕಾರ್ಡೇ ಕೆಟ್ಟದ್ದೆಂದು ತೀರ್ಮಾನಿಸಿ ಮಂಗಳೂರಿಗೆ ಹೋಗಿ ಬೇರೆ ಕಂಪೆನಿಯ, ಬೇರೆ ಚಿಪ್ಪಿನ ಇನ್ನೊಂದನ್ನು ತಂದೆ. ಮತ್ತೆ 32. ಡ್ರೈವರಿನ ದೋಷವಿರಬೇಕೆಂದು ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕಿದೆ. ಆಗಲೂ 32. ಎರಡು ಬೇರೆ ಕಾರ್ಡುಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದೇ ಅಂಕಿ ತೋರಿಸಿದಾಗಲೇ ದೋಷ ಇವೆರಡರದ್ದೂ ಅಲ್ಲವೆಂದು ಹೊಳೆಯಬೇಕಿತ್ತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಇಬ್ಬರ ತಪ್ಪು ಒಂದೇ ಆಗಿದ್ದರೆ ತಟ್ಟನೆ ಹಿಡಿಯುತ್ತಿದ್ದ ನನಗೆ ಇಲ್ಲಿ ಅದು ಹೊಳೆಯಲಿಲ್ಲ.

ಮದರ್‌ಬೋರ್ಡನ್ನೇ ಬದಲಿಸೋಣವೆಂದು ಮತ್ತೆ ಕಾಸರಗೋಡಿಗೆ ಹೋದಾಗ, ಅಂಗಡಿಯ ಹುಡುಗ ನನ್ನ ಕಥೆಯನ್ನು ಅರ್ಧ ಕೇಳಿ, "ಮಾಷೇ, ಕೇಬಿಳ್ ಮಾಟ್ಟಿ ನೋಕ್ಕಿಯೋ?" ಎಂದ. ಕೇಬಲ್ ಬದಲಿಸಿ ನೋಡಿದಿರಾ ಎಂದು ಅವನು ಮಲೆಯಾಳದಲ್ಲಿ ಕೇಳಿದ ಆ ಒಂದು ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ನಡೆದದ್ದು ಇಷ್ಟು. ಡಿಸ್ಕಿನ ಜೊತೆ ಬಂದ ಕೇಬಲ್ ಒಂದೂವರೆ ಅಡಿಯದು; ನನ್ನ ಕ್ಯಾಬಿನೆಟ್ ಇದ್ದದ್ದು ಮೇಜಿನ ಕೆಳಗೆ. ಡಿಸ್ಕು ಮೇಜಿನ ಮೇಲೆ ಕೂರಲೆಂದು ಮೊಬೈಲಿನ ಉದ್ದದ ಕೇಬಲ್ಲನ್ನು ಮೊದಲ ದಿನವೇ ಸಿಕ್ಕಿಸಿದ್ದೆ. ಡಿಸ್ಕಿನ ಪಕ್ಕದಲ್ಲಿರುವ ಸಾಕೆಟ್ಟನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡಿ: ನಡುವೆ ಒಂದು ಕಚ್ಚು ಇದ್ದು ಎರಡು ಭಾಗಗಳಾಗಿ ಕಾಣುತ್ತದೆ. ಅಗಲವಾದ ಭಾಗವು ಆ ಕಾಲದ ಮೊಬೈಲಿನ ಮೈಕ್ರೋ-ಬಿ ಆಕಾರದ್ದೇ; ಮೊಬೈಲಿನ ಮೂತಿ ಅಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ, ದೀಪ ಉರಿಯುತ್ತದೆ, ಡಿಸ್ಕು ತಿರುಗುತ್ತದೆ, ಫೈಲುಗಳು ತೆರೆಯುತ್ತವೆ. ಆದರೆ 3.0ರ ವೇಗವನ್ನು ಹೊರುವ ತಂತಿಗಳು ಪಕ್ಕದ ಕಿರಿದಾದ ಭಾಗಕ್ಕೆ ಸೇರಿದವು. 2.0 ಕೇಬಲ್ಲಿನಲ್ಲಿ ವಿದ್ಯುತ್ತಿಗೆ ಎರಡು, ಮಾಹಿತಿಗೆ ಎರಡು, ಹೀಗೆ ನಾಲ್ಕೇ ತಂತಿಗಳು, 3.0 ಇವುಗಳ ಜೊತೆಗೆ ಕಳುಹಿಸಲು ಒಂದು ಜೋಡಿ, ಪಡೆಯಲು ಒಂದು ಜೋಡಿ ಮತ್ತು ಒಂದು ಗ್ರೌಂಡನ್ನು ಪ್ರತ್ಯೇಕವಾಗಿ ಸೇರಿಸುತ್ತದೆ. ಆ ಐದು ಇಲ್ಲದಿದ್ದರೆ ಡಿಸ್ಕೂ ಕಾರ್ಡೂ ಜಗಳವಾಡುವುದಿಲ್ಲ, ಸದ್ದಿಲ್ಲದೆ 480 ಮೆಗಾಬಿಟ್ಟಿಗೆ ಇಳಿದು ಕೆಲಸ ಮುಂದುವರಿಸುತ್ತವೆ. ಕೆಲಸವೇ ನಿಂತಿದ್ದರೆ ನಾನು ಅರ್ಧ ಗಂಟೆಯಲ್ಲಿ ಕಾರಣ ಹುಡುಕುತ್ತಿದ್ದೆ. ನಡೆಯುತ್ತಲೇ ಇದ್ದುದರಿಂದ ಎರಡು ತಿಂಗಳು ಹಿಡಿಯಿತು. ಮನೆಗೆ ಬಂದು ಕಪಾಟಿನಲ್ಲಿದ್ದ ಡಿಸ್ಕಿನ ಪೆಟ್ಟಿಗೆಯಿಂದ, ಸುತ್ತಿದ ತಂತಿಯನ್ನೂ ಬಿಚ್ಚದೆ ಇಟ್ಟಿದ್ದ ಅಸಲು ಕೇಬಲ್ಲನ್ನು ತೆಗೆದು ಸಿಕ್ಕಿಸಿದೆ. ವೇಗ 105 ಎಂಬಿ. ಆಟವೊಂದು ಹದಿನಾಲ್ಕು ನಿಮಿಷದಲ್ಲಿ ಇಳಿಯಿತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. 10 ಗಿಗಾಬಿಟ್ ಕಾರ್ಡು ನಿಮಗೆ ಬೇಡ. ನಿಮ್ಮದು ತಟ್ಟೆ ತಿರುಗುವ ಡಿಸ್ಕಾದರೆ ಅದು ಕೊಡುವುದೇ ಸೆಕೆಂಡಿಗೆ ನೂರರಿಂದ ನೂರಿಪ್ಪತ್ತು ಎಂಬಿಯ ಆಸುಪಾಸು. ಮದರ್‌ಬೋರ್ಡಿನಲ್ಲಿ ಇಂಥ ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ಸಿನ ಅತಿ ಹಳೆಯ ಗಿಡ್ಡ ಸ್ಲಾಟು ಕೂಡ 250 ಎಂಬಿಯನ್ನು ಹೊರಬಲ್ಲದು. ಇ-ಸಾಟಾದ ಮಾತು ಅಲ್ಲಿಗೇ ಬಿಡಿ: ಅದರ ಕೇಬಲ್ಲಿನಲ್ಲಿ ವಿದ್ಯುತ್ತು ಬರುವುದಿಲ್ಲ, ಪೋರ್ಟೆಬಲ್ ಡಿಸ್ಕಿನಲ್ಲಿ ಅದಕ್ಕೆ ಸಾಕೆಟ್ಟೂ ಇರುವುದಿಲ್ಲ. ಎರಡು ಪೋರ್ಟಿನ ಸಾದಾ ಯುಎಸ್‌ಬಿ 3.0 ಕಾರ್ಡು ಧಾರಾಳವಾಗಿ ಸಾಕು. ಪವರ್ ಸಪ್ಲೈಯಿಂದ ನೇರವಾಗಿ ತಂತಿ ಸಿಕ್ಕಿಸಲು ಜಾಗವಿರುವ ಕಾರ್ಡನ್ನೇ ಕೇಳಿ ಕೊಳ್ಳಿ, ಆ ತಂತಿಯನ್ನು ಸೋಮಾರಿತನದಿಂದ ಬಿಡಬೇಡಿ. ಸ್ಲಾಟಿನಲ್ಲಿ ಬರುವುದು 12 ಮತ್ತು 3.3 ವೋಲ್ಟು, ಡಿಸ್ಕಿಗೆ ಬೇಕಾದುದು 5 ವೋಲ್ಟು. ಹಳೆಯ ಉದ್ದನೆಯ ಪಿಸಿಐ ಸ್ಲಾಟಿಗೆ ಹೊಂದುವ ಕಾರ್ಡನ್ನು ಯಾರಾದರೂ ಕೊಡಬಂದರೆ ಬೇಡವೆನ್ನಿ, ಏಕೆಂದರೆ ಅದರ 133 ಎಂಬಿಯನ್ನು ಅಂಥ ಸ್ಲಾಟುಗಳಲ್ಲಿ ಕೂತ ಎಲ್ಲ ಕಾರ್ಡುಗಳೂ ಹಂಚಿಕೊಳ್ಳಬೇಕು.

ವೇಗ ಅಳೆಯುವಾಗ ಸಾವಿರ ಫೋಟೋಗಳ ಫೋಲ್ಡರನ್ನು ಹಾಕಿ ಅಳೆಯಬೇಡಿ, ಚಿಕ್ಕ ಫೈಲುಗಳು ಯಾವ ಪೋರ್ಟಿನಲ್ಲೂ ನಿಧಾನವೇ. ನಾಲ್ಕೈದು ಜಿಬಿಯ ಒಂದೇ ವಿಡಿಯೊ ಸಾಕು.

ನನ್ನ ಎರಡನೆಯ ಕಾರ್ಡು ಇನ್ನೂ ಮೇಜಿನ ಖಾನೆಯಲ್ಲಿ ಬಿದ್ದಿದೆ. ಬದಿಯಡ್ಕದ ಕಡೆ ಬಂದರೆ ಒಯ್ದು ಹಾಕಿ ನೋಡಬಹುದು. ಕೇಬಲ್ ಮಾತ್ರ ನಿಮ್ಮದೇ ಆಗಬೇಕು, ಸಾಕೆಟ್ಟಿನ ಎರಡೂ ಭಾಗ ತುಂಬುವ ಅಗಲ ಮೂತಿಯದು.