ಮಲಗುವ ಕೋಣೆಗೆ ಡಿಜಿಟಲ್ ಗಡಿಯಾರ-ರೇಡಿಯೊ ಕೊಳ್ಳುವಾಗ ಏನು ನೋಡಬೇಕು?

ಮೊದಲು ಬೆಳಕು. ಅಂಗಡಿಯಲ್ಲಿ ಚೆಂದ ಕಾಣುವ ನೀಲಿ ಅಂಕಿಗಳು ರಾತ್ರಿ ಕಣ್ಣಿಗೆ ಚುಚ್ಚುತ್ತವೆ. ಕೆಂಪು ವಾಸಿ. ಬೆಳಕು ತಗ್ಗಿಸುವ ಬಟನ್ ಇದ್ದರೆ ಇನ್ನೂ ಒಳ್ಳೆಯದು.

ಒಳಗೆ ಬ್ಯಾಟರಿ ಇರಲೇಬೇಕು. ಇಲ್ಲದಿದ್ದರೆ ರಾತ್ರಿ ಕರೆಂಟ್ ಹೋಗಿ ಬಂದ ಮೇಲೆ 12:00 ಅಂತ ಮಿಣುಕುತ್ತಾ ಕೂತಿರುತ್ತದೆ, ಅಲಾರಾಂ ಹೊತ್ತಿಗೆ ಸರಿಯಾಗಿ ಹೊಡೆಯುವುದಿಲ್ಲ.

ಅಮೆರಿಕದಿಂದ ಯಾರಾದರೂ ತಂದುಕೊಡುತ್ತೇನೆ ಅಂದರೆ ಸುಮ್ನೆ ಬೇಡ ಅನ್ನಿ. ಅಲ್ಲಿ ಕರೆಂಟ್ 120 ವೋಲ್ಟ್, 60 ಹರ್ಟ್ಸ್, ಅಂದರೆ ಸೆಕೆಂಡಿಗೆ 60 ಸಲ ಏರಿಳಿಯುತ್ತದೆ. ನಮ್ಮಲ್ಲಿ 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟ್ ಸರಿಹೋಗುತ್ತದೆ, ಹರ್ಟ್ಸ್ ಬದಲಾಗುವುದಿಲ್ಲ. ಕರೆಂಟಿನ ಹರ್ಟ್ಸ್ ಎಣಿಸಿ ಸಮಯ ತೋರಿಸುವ ಮಾದರಿಯಾದರೆ ಗಂಟೆಗೆ 10 ನಿಮಿಷ ಹಿಂದೆ ಬೀಳುತ್ತದೆ. ನಮ್ಮ ಮನೆಗೆ ಬಂದದ್ದು ಈಗ ಷೋಕೇಸಿನಲ್ಲಿದೆ!

ರೇಡಿಯೊ ಭಾಗಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಿನ ವಿವಿಧ ಭಾರತಿ 102.9 ಎಫ್‌ಎಂನಲ್ಲೇ ಸಿಗುತ್ತದೆ ಅಲ್ವಾ.